ತಾನೇ ನಡೆಯುವ ವಾಚು

ನನ್ನ ನೆನಪಿನಲ್ಲಿ ಆ ವಾಚಿನ ಡಯಲ್ಲು ಬಿಳಿ. ಅಥವಾ ಬಿಳಿಯದಾಗಿರಲೇ ಇಲ್ಲವೇನೋ. ಕೆನೆ ಬಣ್ಣದ್ದು ಎನ್ನುತ್ತಾಳೆ ಅಕ್ಕ. ಇಷ್ಟು ವರ್ಷ ನೆನೆದು ನೆನೆದು ನಾನೇ ಅದನ್ನು ಬೆಳ್ಳಗೆ ಮಾಡಿಕೊಂಡಿರಬಹುದು. ಮೊನ್ನೆ ಕಚೇರಿಯ ಗೆಳೆಯನೊಬ್ಬ, ಸಮಾರಂಭಕ್ಕೆ ಕಟ್ಟಿಕೊಳ್ಳಲು ಕೈಗೆಟುಕುವ ಬೆಲೆಯ ಆಟೋಮ್ಯಾಟಿಕ್ ವಾಚು ಯಾವುದು ಎಂದು ಕೇಳಿದ. ವಾಚಿನ ವಿಷಯದಲ್ಲಿ ನಾನು ಪಂಡಿತನೆಂದು ಅವನಿಗೆ ಯಾರು ಹೇಳಿದರೋ. ಬಹುಶಃ ನಾನೇ.

ನಿಜ ಹೇಳಬೇಕೆಂದರೆ ನಾನು ಈವರೆಗೆ ಆರಿಸಿದ್ದು ಒಂದೇ ವಾಚು, ಅದೂ ನನ್ನ ಕೈಗಲ್ಲ. ತೊಂಬತ್ತರ ದಶಕದ ಕೊನೆ. ಮುದ್ದೇಬಿಹಾಳದ ಸಾಲಿ ಮಾಸ್ತರರೊಬ್ಬರೊಂದಿಗೆ ಅಕ್ಕನ ಮದುವೆ ಗೊತ್ತಾಗಿತ್ತು. ಅಳಿಯನಿಗೆ ವಾಚು ಕೊಡಿಸುವುದು ನಮ್ಮಲ್ಲಿ ಹೆಣ್ಣಿನ ಕಡೆಯವರ ಪಾಲು. ಅಪ್ಪನಿಗೆ ದೇವರ ಹಿಪ್ಪರಗಿಯಲ್ಲಿ ಕಿರಾಣಿ ಅಂಗಡಿ. ನಾನು ಸಿಂದಗಿಯಲ್ಲಿ ಕಾಲೇಜು ಓದುತ್ತಿದ್ದೆ, ಅಂದರೆ ನನಗೆ ಎಲ್ಲವೂ ಗೊತ್ತಿತ್ತು. ಇಬ್ಬರೂ ಸಿಂದಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ವಾಚು ಮಾರುವ, ರಿಪೇರಿಯನ್ನೂ ಮಾಡುವ ಮಲ್ಲೇಶಪ್ಪನಲ್ಲಿಗೆ ಹೋದೆವು.

ಅಪ್ಪನ ಕಣ್ಣು ಬಂಗಾರದ ಬಣ್ಣದ ಚೈನಿದ್ದ ಸೆಲ್ಲಿನ ವಾಚಿನ ಮೇಲೆ. "ಮಂಟಪದಾಗ ಮಿಂಚಬೇಕು ನೋಡು."

"ಮಿಂಚೂದು ಎರಡು ವರ್ಷರಿ ಸಾವಕಾರ್ರ," ಎಂದ ಮಲ್ಲೇಶಪ್ಪ. "ಆಮ್ಯಾಲ ತಗಡ ಕಾಣಸ್ತೈತಿ. ಕಡಿಮಿ ರೊಕ್ಕದಾಗ ಛಲೋದು ಬೇಕಂದ್ರ ಮ್ಯಾಲಿನ ಬಂಗಾರದ ನೀರು ನೋಡಬ್ಯಾಡ್ರಿ, ಒಳಗಿನ ಮಷೀನ ನೋಡ್ರಿ."

ಅವನು ಹೊರಗಿಟ್ಟದ್ದು ತೆಳ್ಳಗಿನ ವಾಚು. ಕರಿ ಚರ್ಮದ ಪಟ್ಟಿ. ಅಂಕಿಗಳ ಜಾಗದಲ್ಲಿ ಬರೀ ಗೀರು. ಅಂಗಿಯ ತೋಳಿನ ಕೆಳಗೆ ಸದ್ದಿಲ್ಲದೆ ಜಾರುವಂಥದು. "ಸೆಲ್ ಬ್ಯಾಡ, ಚಾವಿ ಬ್ಯಾಡ. ಕೈ ಆಡಿದ್ರ ತಾನ ನಡೀತೈತಿ."

"ಮಾಸ್ತರಗ ಅಂಕಿ ಇಲ್ಲದ ವಾಚು ಕೊಡೂದೇನು?" ಎಂದರು ಅಪ್ಪ.

ನಾನು ಹಟ ಹಿಡಿದೆ. ಮಲ್ಲೇಶಪ್ಪನ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ತಾನ ನಡೀತೈತಿ' ಎಂಬುದಷ್ಟೇ. ಅದರ ಹಿಂದಿನ ಎರಡು ಶಬ್ದ ಎಲ್ಲಿ ಹೋದವೋ. ಮದುವೆಯಲ್ಲಿ ಬೀಗರ ಪಂಕ್ತಿಯ ಉದ್ದಕ್ಕೂ ಹೇಳುತ್ತ ಹೋದೆ: ಇದಕ್ಕೆ ಜೀವಮಾನವಿಡೀ ಏನೂ ಮಾಡಬೇಕಾಗಿಲ್ಲ.

ಅವರು ಏನೂ ಮಾಡಲಿಲ್ಲ. ಅಕ್ಕನ ಅತ್ತೆ ಅದನ್ನು ಡಬ್ಬಿಯ ಸಮೇತ ಟ್ರಂಕಿನಲ್ಲಿ, ರೇಶಿಮೆ ಸೀರೆಗಳ ನಡುವೆ ಇಟ್ಟರು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ; ಮಾಮಾ ತಮ್ಮ ಹಳೆಯ ವಾಚನ್ನೇ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದರು. ಒಳ್ಳೆಯ ವಸ್ತುವಿಗೆ ಕೊಡುವ ಮರ್ಯಾದೆ ನಮ್ಮಲ್ಲಿ ಇದೇ, ಅದನ್ನು ಬಳಸದಿರುವುದು. ನಿಮ್ಮ ಮನೆಯಲ್ಲೂ ಹೀಗೆ ಕೂತಿರುವ ಒಂದು ಟೀ ಸೆಟ್ಟು ಇದ್ದೀತು.

ಪಂಚಮಿಗೆ ಅಕ್ಕ ತವರಿಗೆ ಬಂದಳು. ಊಟವಾದ ಮೇಲೆ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದಳು.

"ನಿನ್ನ ವಾಚು ನಿಂತೈತಿ. ಮೂರು ಸಲ ತಗದ್ರು, ಮೂರೂ ಸಲ ನಿಂತಿತ್ತು. ಬಂದವರ ಮುಂದ ಅತ್ತಿ, 'ನಿಮ್ಮವರು ಕೆಟ್ಟಿದ್ದ ಕೊಟ್ಟಾರೇನ' ಅಂತ ಕೇಳ್ತಾರ. ಸಿಟ್ಟಿಲೆ ಅಲ್ಲ, ನಗ್‌ನಗತಾ ಕೇಳ್ತಾರ. ಅದ ತ್ರಾಸ."

ಸಿಟ್ಟಿಗೆ ಉತ್ತರ ಕೊಡಬಹುದು. ನಗೆಗೆ ಹೊಸ ಸೊಸೆ ಏನು ಉತ್ತರ ಕೊಡಬೇಕು? ಆ ಮನೆಯಲ್ಲಿ ತವರಿನ ಮಾನವನ್ನು ಅವಳೊಬ್ಬಳೇ ಹೊತ್ತು ನಿಂತಿದ್ದಳು. ಮರುದಿನವೇ ಮಲ್ಲೇಶಪ್ಪನ ಮುಂದೆ ನಿಂತೆ.

"ಎಲ್ಲಿ ಇಟ್ಟಾರಪಾ?"

"ಟ್ರಂಕಿನ್ಯಾಗ."

"ಟ್ರಂಕು ಕೈ ಆಡಸ್ತೈತೇನೋ, ತಮ್ಮಾ?"

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡ ಭಾಷಣವನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಪ್ಪಿಸಿದೆ. ಒಳಗೊಂದು ತೂಕದ ಅರ್ಧಬಿಲ್ಲೆ ಇರುತ್ತದೆ, ಕೈ ಆಡಿದಂತೆ ಅದು ತಿರುಗಿ ತಾನೇ ಚಾವಿ ಕೊಡುತ್ತದೆ, ಬಿಚ್ಚಿಟ್ಟರೆ ಒಂದೂವರೆ ದಿನಕ್ಕೆ ನಿಲ್ಲುತ್ತದೆ. ಅತ್ತೆ ರೊಟ್ಟಿ ಬಡಿಯುತ್ತಲೇ ಕೇಳಿದರು.

"ಕಟ್ಟಿಕೊಂಡ್ರ ಸವೀತೈತಿ, ತಗದಿಟ್ರ ನಿಂದರ್ತೈತಿ. ಹುಡುಕಿ ಹುಡುಕಿ ಇಂಥಾದ್ದ ತಂದಿ ನೋಡು, ಶಾಣ್ಯಾ."

ಮಾಮಾ ಕೂಡ ಒಪ್ಪಲಿಲ್ಲ. "ಸಾಲಿಗೆ ಕಟ್ಟಿಕೊಂಡು ಹೋಗಂಗಿಲ್ಲಪಾ. ಚಾಕ್‌ಪೀಸಿನ ಪುಡಿ ಒಳಗ ಹೋಗ್ತೈತಿ."

ಆದರೆ ದೀಪಾವಳಿಗೆ ನಾನು ಹೋದಾಗ, ಬಂದವರ ಎದುರಿನಲ್ಲೇ, ಟ್ರಂಕಿನಿಂದ ಹೊರಬಂದ ವಾಚು ನಡೆಯುತ್ತಿತ್ತು. ಆ ಮುಂದೆಯೂ, ಯಾವಾಗ ತೆಗೆದರೂ ನಡೆಯುತ್ತಿತ್ತು. ಅಕ್ಕನನ್ನು ಮತ್ತೆ ಯಾರೂ ನಗುತ್ತ ಕೇಳಲಿಲ್ಲ. ಇದು ನನ್ನ ಭಾಷಣದ ಫಲ, ಮಾಮಾ ಮನೆಯಲ್ಲಾದರೂ ಕಟ್ಟಿಕೊಳ್ಳುತ್ತಿರಬೇಕು ಎಂದುಕೊಂಡೆ. ಈ ಕಥೆಯನ್ನು ಹಾಗೆಯೇ ಬಹಳ ಜನಕ್ಕೆ ಹೇಳಿದ್ದೇನೆ. ಹೇಳಿದಷ್ಟೂ ಭಾಷಣ ಉದ್ದವಾಗಿದೆ.

ಐದಾರು ವರ್ಷದ ಮೇಲೆ ಮಾಮಾ ಅದನ್ನು ಸ್ವಚ್ಛ ಮಾಡಿಸಲು ನನ್ನ ಕೈಗೆ ಕೊಟ್ಟರು. ಮಲ್ಲೇಶಪ್ಪ ಹಿಂದಿನ ಮುಚ್ಚಳ ತೆಗೆದು, ಅಂಚನ್ನು ಬೆರಳಿನಿಂದ ಒರೆಸಿ ನೋಡಿದ.

"ಯಾರು ಕಟ್ಟಿಕೊಳ್ತಾರ ಇದನ್ನ?"

"ಮಾಸ್ತರು."

"ಮಾಸ್ತರು ರೊಟ್ಟಿ ಬಡೀತಾರೇನು? ಇದು ಜ್ವಾಳದ ಹಿಟ್ಟು."

ಪಟ್ಟಿಯನ್ನು ತಿರುಗಿಸಿ ತೋರಿಸಿದ. ಕಂಪನಿಯ ತೂತುಗಳಿಗಿಂತ ಬಹಳ ಒಳಗೆ, ಕಾಸಿದ ದಬ್ಬಳದಿಂದ ಚುಚ್ಚಿದ ಇನ್ನೊಂದು ತೂತು. ಸಣ್ಣ ಮಣಿಕಟ್ಟಿಗೆ ಅಳತೆ ಮಾಡಿದ್ದು.

ಅಂದಿನಿಂದ ಆ ಮಣಿಕಟ್ಟನ್ನು ಹುಡುಕುತ್ತಿದ್ದೇನೆ. ಅಕ್ಕನದಾದರೆ, ದಿನಾ ಬೆಳಿಗ್ಗೆ ಬಳೆಗಳ ಹಿಂದೆ ಗಂಡಸಿನ ವಾಚು ಕಟ್ಟಿ, ರೊಟ್ಟಿ ಬಡಿದು, ಮತ್ತೆ ಟ್ರಂಕಿಗೆ ಸೇರಿಸಿ, ಎಷ್ಟು ಹೆದರಿದ್ದಳು ಅವಳು? ಅತ್ತೆಯದಾದರೆ, ತಾವೇ ಎಬ್ಬಿಸಿದ ನಗೆಯನ್ನು ತಾವೇ, ಯಾರಿಗೂ ಹೇಳದೆ, ಮುಚ್ಚಿಹಾಕಿದರೆಂದಾಯಿತು. ಟ್ರಂಕಿನ ಕೀಲಿಕೈ ಅತ್ತೆಯ ಸೊಂಟದಲ್ಲಿತ್ತೆಂದು ನನ್ನ ನೆನಪು. ಆ ಟ್ರಂಕಿಗೆ ಕೀಲಿಯೇ ಇರಲಿಲ್ಲ ಎನ್ನುತ್ತಾಳೆ ಅಕ್ಕ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು.

ನಿನ್ನೆ ಫೋನಿನಲ್ಲಿ ನೇರವಾಗಿ ಕೇಳಿಬಿಟ್ಟೆ. "ವಾಚಿನ್ಯಾಗ ಜ್ವಾಳದ ಹಿಟ್ಟು ಇತ್ತಲ್ಲ, ಕಟ್ಟಿಕೊಳ್ತಿದ್ದಾಕಿ ನೀನೋ, ಅತ್ತಿನೋ?"

"ರೊಟ್ಟಿ ಇಬ್ಬರೂ ಬಡೀತಿದ್ವಿ," ಎಂದಳು. ಆಮೇಲೆ, ಊಟ ಆಯ್ತೇನು ಎಂದು ಕೇಳಿದಳು.

ಗೆಳೆಯನಿಗೆ ಇನ್ನೂ ಯಾವ ವಾಚಿನ ಹೆಸರನ್ನೂ ಹೇಳಿಲ್ಲ. ಮೊದಲಾಗಿದ್ದರೆ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡುತ್ತಿದ್ದೆ. ಆ ತೂತು ಯಾರ ಕೈಯದೋ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಅಕ್ಕನನ್ನು ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.