ಮೂಡು ದಿಕ್ಕಿನ ಬಾಗಿಲು

ನನಗೆ ಬೇಕಾಗಿದ್ದುದು ಒಳಗಿನಿಂದ ಹಾಕಿಕೊಳ್ಳಲು ಬರುವ ಒಂದು ಬಾಗಿಲು. ಅಷ್ಟೇ. ಸಿರುಗುಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಹನ್ನೊಂದು ವರ್ಷ ಊರವರ ಕುಬುಸ ಹೊಲಿದೆ. ಒಂದು ತೋಳು ಕೂಡಿಸುವುದರೊಳಗೆ ಅತ್ತೆ ನಾಲ್ಕು ಸಲ ಕೂಗುತ್ತಿದ್ದರು: ಹಾಲು ನೋಡು, ಮೆಣಸಿನಕಾಯಿ ಒಳಗೆ ತಾ, ಬಂದವರಿಗೆ ಚಹಾ ಇಡು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವ ಬಸ್ಸು ಹತ್ತಿದೆಯೋ, ಇನ್ನೂ ಬಂದಿಲ್ಲ.

ಕೊನೆಗೆ ಹಟ ಹಿಡಿದು, ಹಿತ್ತಲಲ್ಲಿ ಸಣ್ಣ ಶೆಡ್ ಹಾಕಿಸಲು ಗಂಡನನ್ನು ಒಪ್ಪಿಸಿದೆ. ಇಟ್ಟಿಗೆ ಬೇಡ, ಸ್ಟೀಲ್ ಚಾನೆಲ್ ಸಾಕು. ನೆಲಕ್ಕೊಂದು ಪಟ್ಟಿ ಬಿಗಿದು, ಅದರಲ್ಲಿ ಸ್ಟೀಲಿನ ಕಂಬ ನಿಲ್ಲಿಸಿ, ಮೇಲೆ ಶೀಟಿಗೆ ತಿರುಪು ಹೊಡೆದರೆ ಎರಡು ದಿನದ ಕೆಲಸ. ಕೆಲಸ ಹಿಡಿದವನು ಆದೋನಿ ಕಡೆಯ ತೆಲುಗಿನವನು. ಅದೇ ಹೊತ್ತಿಗೆ ತವರಿನಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ, ನಾನು ಕುರುಗೋಡಿಗೆ ಹೋಗಬೇಕಾಯಿತು. ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ.

"ಬಾಗಲಾ ಮೂಡು ದಿಕ್ಕಿಗಿ ಇಡ್ರಿ. ಮರೀಬ್ಯಾಡ್ರಿ."

"ಮೂಡು ದಿಕ್ಕು. ಸರೇ ಅಕ್ಕಾ."

ಮೂಡು ಅಂದರೆ ಪೂರ್ವ. ನಮ್ಮ ಹಿತ್ತಲಿನ ಪೂರ್ವಕ್ಕೆ ಓಣಿ. ಗಿರಾಕಿಗಳು ಓಣಿಯಿಂದಲೇ ಬಂದು ಹೋಗಲಿ ಎಂದು ನನ್ನ ವಿಚಾರ. ತೆಲುಗಿನಲ್ಲಿ ಮೂಡು ಅಂದರೆ ಮೂರು. ಇದು ನಮ್ಮೂರಿನ ಕೂಸಿಗೂ ಗೊತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ, ನನ್ನ ಬುದ್ಧಿಗೆ ಬೆಂಕಿ ಹಾಕ!

ವಾಪಸ್ ಬಂದು ನೋಡಿದರೆ ಮೂರು ದಿಕ್ಕಿಗೂ ಬಾಗಿಲು ಬಿಟ್ಟಿದ್ದ. ಒಂದು ಓಣಿಗೆ, ಒಂದು ಬಚ್ಚಲಿಗೆ, ಒಂದು ನೇರ ಅಡುಗೆಮನೆಗೆ. ಅತ್ತೆ ಆಗಲೇ ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತಿದ್ದರು.

"ನೀವರ ಅವಂಗ ಹೇಳಬಾರ್ದೇನ್ರಿ ಅತ್ತೀ?"

"ನಾ ಯಾಕ ಹೇಳ್ಲಿ? ಗಾಳಿ ಚಲೋ ಬರ್ತೈತಿ."

ಎರಡನ್ನು ಮುಚ್ಚಿಬಿಡಿ ಎಂದು ಅವನಿಗೆ ಹೇಳಿದೆ. ನಡುವೆ ಒಂದೊಂದು ಕಂಬ, ಮೇಲೊಂದು ಶೀಟು, ತಾಸಿನ ಕೆಲಸ. ಅತ್ತೆ ಅಡ್ಡ ಬಂದರು.

"ಬಾಗಲಾ ಬೆಸ ಇರಬಾರ್ದವಾ. ಮೂರೂ ಬೆಸ, ಒಂದೂ ಬೆಸ. ಎರಡು ಇರ್ಲಿ."

ಶಾಸ್ತ್ರದ ಮಾತು ಬಂದರೆ ನನ್ನ ಗಂಡ ಗಪ್‌ಚಿಪ್. ಬಚ್ಚಲ ಕಡೆಯದು ಮುಚ್ಚಿತು, ಅಡುಗೆಮನೆಯದು ಉಳಿಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗಲಿ, ಒಳಗೊಂದು ಚಿಲಕ ಇದ್ದರೆ ಸಾಕು ಎಂದು ಸುಮ್ಮನಾದೆ.

ಮರುದಿನ ಆ ಬಾಗಿಲಿಗೆ ಕದ ಕೂಡಿಸಿ, ಚಿಲಕ ಕೈಯಲ್ಲಿ ಹಿಡಿದು ಅವನು ಕೇಳಿದ: "ಯಾವ ಕಡಿ ಹಾಕ್ಲಿ ಅಕ್ಕಾ?"

"ಒಳಗ," ಎಂದೆ.

"ನಮ್ಮ ಕಡಿಗಿ ಹಾಕಪಾ," ಎಂದರು ಅತ್ತೆ, ಅಡುಗೆಮನೆಯಿಂದ. "ಸೊಸಿ ಒಬ್ಬಾಕಿ ಒಳಗ ಚಿಲಕ ಹಾಕ್ಕೊಂಡು ಕುಂತ್ರ ಮಂದಿ ಏನಂದಾರು?"

ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಡ್ರಿಲ್ ತೆಗೆದುಕೊಂಡು ಆಚೆ ಹೋಗಿ ಕದ ಎಳೆದುಕೊಂಡ. ನಾನು ಒಳಗೆ ನಿಂತಿದ್ದೆ. ಕದದ ಈಚೆಗೆ, ನನ್ನ ಕಣ್ಣೆದುರಿಗೆ, ನಾಲ್ಕು ತಿರುಪಿನ ಚೂಪು ತುದಿಗಳು ಒಂದೊಂದಾಗಿ ಹೊರಗೆ ಬಂದವು.