ಹದಿನಾರು ಬಂದ ದಿನ

ವರ್ಲೀನ್ ಟಗಲ್‌ಗೆ ಎಪ್ಪತ್ತೊಂದು ವರ್ಷ. ಅಟ್ಲಾಂಟಾದ ಚರ್ಚುಗಳ ಹೆಂಗಸರಿಗೆ ಭಾನುವಾರದ ಟೋಪಿ ಹೊಲಿದುಕೊಟ್ಟೇ ಬದುಕು ಸಾಗಿಸಿದವಳು. ಅವಳಿಗೂ ತಂಗಿ ಓಝೆಲಾಗೂ ಅಪ್ಪನಿಂದ ಬಂದ ಆಸ್ತಿಯೆಂದರೆ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿ ತಿನ್ನುವ ಗ್ಲಾಕೋಮಾ ಒಂದೇ. ಆತ ಕುರುಡನಾಗಿಯೇ ಸತ್ತಿದ್ದ. ಆ ಹೆದರಿಕೆಗೆ ವರ್ಲೀನ್ ಹತ್ತೊಂಬತ್ತು ವರ್ಷ ಒಂದು ಹೊತ್ತೂ ತಪ್ಪಿಸದೆ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡಳು. ಓಝೆಲಾಳ ಕಥೆ ಕೇಳಲೇಬೇಡಿ! ನೆನಪಾದರೆ ಹಾಕುವಳು, ಇಲ್ಲದಿದ್ದರೆ ಇಲ್ಲ. ಕಣ್ಣಿನ ಒತ್ತಡ ಅಳೆಸಿದಾಗಲೆಲ್ಲ ಅಕ್ಕನಿಗೆ ಶಹಬ್ಬಾಸ್, ತಂಗಿಗೆ ಬೈಗುಳ.

ಈಚೆಗೆ ಸಂಧಿವಾತ ಬಂದು ವರ್ಲೀನಳ ಬೆರಳು ಬಗ್ಗುತ್ತಿರಲಿಲ್ಲ. ಹನಿ ಕಣ್ಣಿಗಿಂತ ಕೆನ್ನೆಗೇ ಹೆಚ್ಚು ಬೀಳುತ್ತಿತ್ತು. ಎಡಗಣ್ಣು ಅಂಚಿನಿಂದ ಮಸುಕಾಗತೊಡಗಿತು. ಅದೇ ಹೊತ್ತಿಗೆ ಅವರ ಕಣ್ಣಾಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುತ್ತಿದ್ದರು. ಕಣ್ಣಿನ ಬಿಳಿಭಾಗದ ಒಳಕ್ಕೆ ಒಂದು ಇಂಜೆಕ್ಷನ್; ಒಳಗೆ ಸೇರಿದ ಜೆಲ್ ಉಬ್ಬಿ, ಕಣ್ಣೊಳಗಿನ ನೀರು ಹರಿದುಹೋಗಲು ದಾರಿ ಬಿಡಿಸುತ್ತದೆ; ಎಲ್ಲ ಸರಿಹೋದರೆ ತಿಂಗಳುಗಟ್ಟಲೆ ಡ್ರಾಪ್ಸ್ ಬೇಡ. ಉಳಿದಿದ್ದು ಒಂದೇ ಜಾಗ. ಅಕ್ಕತಂಗಿ ಇಬ್ಬರೂ ಹೆಸರು ಕೊಟ್ಟರು. ನಾಲ್ಕು ವಾರ ಡ್ರಾಪ್ಸ್ ನಿಲ್ಲಿಸಿ ಅಳೆಸಿಕೊಳ್ಳಬೇಕು, ಒತ್ತಡ ಇಪ್ಪತ್ತೆರಡು ದಾಟಿದವರಿಗೇ ಜಾಗ, ಅದೇ ಷರತ್ತು.

ವರ್ಲೀನ್ ನಿಲ್ಲಿಸಿದಳು. ಆದರೆ ಕೊನೆಯ ಮೂರು ದಿನ ಮನಸ್ಸು ತಡೆಯಲಿಲ್ಲ. ತಂಗಿಯ ಎದುರು ತನಗೆ ಕೆಟ್ಟ ಅಂಕಿ ಬರುವುದೆ? ಸ್ವಲ್ಪ ಇಳಿದರೂ ಷರತ್ತಿಗೆ ಸಾಲುವಷ್ಟು ಉಳಿದೇ ಇರುತ್ತದೆ ಎಂದುಕೊಂಡು, ಕದ್ದು ಡ್ರಾಪ್ಸ್ ಹಾಕಿಕೊಂಡಳು.

"ಅಬ್ಬಾ, ಹದಿನಾರು!" ಎಂದಳು ನರ್ಸ್. "ಡ್ರಾಪ್ಸ್ ಇಲ್ದೇನೇ ಇಷ್ಟು ಚೆನ್ನಾಗಿದ್ಯಲ್ಲ ಅಮ್ಮಾ! ನಿಮಗ್ಯಾಕೆ ಜೆಲ್ಲು?"

ಓಝೆಲಾಗೆ ಇಪ್ಪತ್ತೇಳು ಬಂತು. ಜಾಗ ಅವಳ ಪಾಲಾಯಿತು.

ಎರಡು ತಿಂಗಳ ನಂತರ, ಭಾನುವಾರ ಚರ್ಚು ಮುಗಿಸಿಕೊಂಡು ಓಝೆಲಾ ಅಕ್ಕನ ಮನೆಗೆ ಊಟಕ್ಕೆ ಬಂದಳು. ಕರಿದ ಕೋಳಿ ಕಚ್ಚುತ್ತ, "ಹದಿನಾಲ್ಕು ಕಣಕ್ಕಾ! ಡ್ರಾಪ್ಸ್ ಗೋಳೇ ಇಲ್ಲ," ಎಂದಳು.

ವರ್ಲೀನ್ ತಟ್ಟೆಯನ್ನು ಕುಕ್ಕಿದಳು. "ಒಂದಿನಾನೂ ನೆಟ್ಟಗೆ ಔಷಧಿ ಹಾಕದೋಳು ನೀನು. ನಿಂಗೆ ಸಿಕ್ತು! ಹತ್ತೊಂಬತ್ತು ವರ್ಷ ವ್ರತ ಹಿಡಿದೋರ ಹಾಗೆ ಹಾಕಿದ ನಂಗೆ ಮಣ್ಣು!"

"ಅಳೆಸೋ ದಿನಾನೂ ಹಾಕಿದ್ಯಲ್ಲ."

ವರ್ಲೀನ್ ತಟಕ್ಕನೆ ಅವಳತ್ತ ತಿರುಗಿದಳು.

"ಆಸ್ಪತ್ರೆಗೆ ಕಾರಲ್ಲಿ ಕರ್ಕೊಂಡು ಹೋಗೋಕೆ ಬಂದಾಗ್ಲೇ ನೋಡಿದೆ. ಸಿಂಕ್ ಪಕ್ಕ ಬಾಟ್ಲಿ ತೆಗೆದೇ ಇತ್ತು, ನಿನ್ ಕೆನ್ನೆ ಒದ್ದೆ."

"ಮತ್ತೆ ನರ್ಸ್ ಹತ್ರ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಿನ್ನ ಇನ್ನೊಂದ್ಸಲ ಅಳೆಯೋಕೆ ಕರೀತಿದ್ರು. ಇದ್ದಿದ್ದು ಒಂದೇ ಜಾಗ." ಓಝೆಲಾ ತಲೆಯೆತ್ತಲಿಲ್ಲ. "ಅಪ್ಪ ಸಾಯೋ ತನಕ 'ವರ್ಲೀನ್‌ನ ನೋಡಿ ಕಲಿ' ಅಂತಾನೇ ಇದ್ದ. ಒಂದ್ಸಲ ನಾನೇ ಗೆಲ್ಲೋಣ ಅನ್ನಿಸ್ತು."

ಬಾಯಿಗೆ ಬಂದ ಹಾಗೆ ಬೈಯಬೇಕೆಂದು ವರ್ಲೀನ್ ಎದ್ದು ನಿಂತಳು. ಅವಳ ಜಾಗದಲ್ಲಿ ತಾನಿದ್ದಿದ್ದರೆ? ಯೋಚಿಸಿ ನೋಡಿದಳು. ಬಂದ ಉತ್ತರ ಅವಳಿಗೇ ಹಿಡಿಸಲಿಲ್ಲ.

"ನಾನಾಗಿದ್ರೂ ಹೇಳ್ತಿರ್ಲಿಲ್ಲ ಕಣೇ," ಎಂದು ಕುಳಿತುಬಿಟ್ಟಳು.

ಓಝೆಲಾ ಬಿಕ್ಕಿ ಬಿಕ್ಕಿ ಅಳತೊಡಗಿದಳು. ವರ್ಲೀನ್ ಕರವಸ್ತ್ರವನ್ನು ಅವಳತ್ತ ಎಸೆದಳು.

"ಕಣ್ಣು ಉಜ್ಬೇಡ್ವೇ, ದರಿದ್ರದೋಳೆ! ಒಳಗಿರೋದು ನನ್ ಜೆಲ್ಲು. ಹುಷಾರಾಗಿ ಇಟ್ಕೋ."