ವಸಂತಕ್ಕೊಮ್ಮೆ ಸಾಯುವ ಲೈನ್‌ಮನ್ ಗುಂಡಯ್ಯ

ಶಾಂತಿಗ್ರಾಮದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡೇರಿಯ ಮುಂದೆ ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿವೆ. ಪದ್ಮಕುಮಾರ್ ಅವರ ಹಿಟ್ಟಿನ ಮಿಲ್ಲಿನ ಪಕ್ಕದಲ್ಲಿರುವ ಟ್ರಾನ್ಸ್‌ಫಾರ್ಮರ್ ಕೆಳಗೆ ಲೈನ್‌ಮನ್ ಗುಂಡಯ್ಯ ನಿಂತಿದ್ದಾರೆ. ಸಬ್‌ಸ್ಟೇಷನ್ನಿಗೆ ಫೋನು ಹಚ್ಚಿ, ಲೈನು ಬಂದ್ ಆಗಿದೆಯೆಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಉದ್ದನೆಯ ಕೋಲಿನಿಂದ ತಂತಿ ಮುಟ್ಟಿ ಪರೀಕ್ಷಿಸುತ್ತಾರೆ. ಆಮೇಲೆ ಕಂಬಕ್ಕೆ ಕೈಮುಗಿದು, ಕಬ್ಬಿಣದ ಮೇಲೆ ಅಂಗೈ ಇಡುತ್ತಾರೆ.

"ಬೆಚ್ಚಗಾಯ್ತು ಸಾ," ಎನ್ನುತ್ತಾರೆ ಜೊತೆಗೆ ಬಂದ ನನ್ನ ಕಡೆ ತಿರುಗಿ, ಮಗುವಿನ ಜ್ವರ ನೋಡಿದವರ ಹಾಗೆ. "ಸಂಕ್ರಾಂತೀಲಿ ಈ ಕಬ್ಣ ಮುಟ್ಟಿದ್ರೆ ಕೈ ಕಚ್ಚೋದು. ಶಿವರಾತ್ರಿ ಕಳೀತಲ್ಲ, ಈಗ ದನದ ಮೈ ಮುಟ್ದಂಗೈತೆ."

ಪಕ್ಕದಲ್ಲೇ ಒಂದು ಹೊಂಗೆ ಮರ. ವಾರದ ಹಿಂದೆ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿದ್ದ ಮರ ಈಗ ಎಣ್ಣೆ ಸವರಿದಂಥ ಎಳೆಯ ಹಸಿರನ್ನು ಹೊದ್ದುಕೊಂಡಿದೆ. ಅದರೊಳಗೆಲ್ಲೋ ಕೂತು ಕೋಗಿಲೆ ಕೂಗುತ್ತಿದೆ. ಗುಂಡಯ್ಯ ಹಳದಿ ಹೆಲ್ಮೆಟ್ ಬಿಗಿದು, ಸೊಂಟಕ್ಕೆ ಬೆಲ್ಟ್ ಕಟ್ಟಿ ಏಣಿ ಹತ್ತುತ್ತಾರೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಎರಡು ಕಾಗೆಗಳು ಹಾರಿ ಬಂದು ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತವೆ. "ಬಂದೆ ತಾಯಿ, ಬಂದೆ. ನಿನ್ ಮನೆ ಕೀಳಾಕಲ್ಲ ಕಣವ್ವ ಬಂದಿರೋದು," ಎಂದು ಮಾತಾಡಿಸುತ್ತಲೇ ಅವರು ಮೇಲೇರುತ್ತಾರೆ.

ಕಂಬದ ಪಕ್ಕಕ್ಕೆ ಬಿದಿರಿನ ಮಂಕರಿಯೊಂದನ್ನು ಕಟ್ಟಿದೆ. ಮಂಕರಿಯೊಳಗೆ ಕಾಗೆಯ ಗೂಡು, ಗೂಡೊಳಗೆ ಮೊಟ್ಟೆಗಳು. ಗೂಡಿಗೆ ಹೊಸದಾಗಿ ಸೇರಿಸಿದ ತಂತಿ ಚೂರುಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದು ಹೆಗಲ ಚೀಲಕ್ಕೆ ಹಾಕಿಕೊಂಡು, ತೆಗೆದ ಕಡೆಗೆಲ್ಲ ಒಣ ಕಡ್ಡಿ ಸಿಕ್ಕಿಸಿ ಇಳಿದು ಬರುತ್ತಾರೆ. ಲೈನು ಮತ್ತೆ ಚಾಲೂ ಆಗುತ್ತದೆ. ಮಿಲ್ಲಿನ ಜಗುಲಿಯ ಮೇಲೆ ಚೀಲ ಸುರಿದರೆ, ಕಟ್ಟುವ ತಂತಿ, ಅಲ್ಯೂಮಿನಿಯಂ ಎಳೆ, ಮುರಿದ ಕನ್ನಡಕದ ಕಡ್ಡಿ, ಯಾವುದೋ ಹುಡುಗಿಯ ಹೇರ್‌ಪಿನ್ನು.

"ಕಬ್ಣ ಆಕ್ದೆ ಕಟ್ಟಿದ್ರೆ ಅದ್ಕೂ ಮನೆ ಗಟ್ಟಿ ಅನ್ಸಲ್ಲ ಸಾ," ಎಂದು ನಗುತ್ತಾರೆ ಗುಂಡಯ್ಯ.

ನಗುವ ಮಾತಾದರೂ ಕೆಲಸ ನಗುವಂಥದ್ದಲ್ಲ. ಗೂಡಿನ ತಂತಿ ಎರಡು ಲೈನಿಗೆ ತಾಗಿದರೆ ಕುಡಿಯುವ ನೀರಿನ ಮೋಟಾರು, ಡೇರಿಯ ಹಾಲು ತಂಪು ಮಾಡುವ ಯಂತ್ರ, ಪರೀಕ್ಷೆಗೆ ಓದುವ ಮಕ್ಕಳ ದೀಪ, ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಕಾಗೆಯೂ ಸುಟ್ಟುಹೋಗುತ್ತದೆ. ಅದಕ್ಕೇ ಮಾಘದ ಕೊನೆಯಿಂದ ಗುಂಡಯ್ಯ ತಮ್ಮ ಪಾಲಿನ ಕಂಬಗಳನ್ನೆಲ್ಲ ಬೆಳಗಾಗುವ ಮೊದಲೇ ಸುತ್ತಿ ಬರುತ್ತಾರೆ. ಬರೀ ಕಡ್ಡಿ ಜೋಡಿಸಿದ್ದರೆ ಎತ್ತಿ ಹತ್ತಿರದ ಮರದ ಕವಲಿಗೆ ಇಡುತ್ತಾರೆ. ಮೊಟ್ಟೆ ಇಟ್ಟಾಗಿದ್ದರೆ ಕೀಳುವುದಿಲ್ಲ. ಗೂಡನ್ನು ಹಾಗೇ ಮಂಕರಿಗೆ ಇಳಿಸಿ, ದಿನಕ್ಕೊಂದು ಗೇಣು ಸರಿಸುತ್ತಾ ಮರಕ್ಕೆ ದಾಟಿಸುತ್ತಾರೆ. ಒಂದೇ ಸಲ ದೂರ ಇಟ್ಟರೆ ತಾಯಿ ಬಿಟ್ಟುಹೋಗುತ್ತದೆ, ಗೇಣು ಗೇಣಾಗಿ ಸರಿಸಿದರೆ ಹಿಂದೆಯೇ ಬರುತ್ತದೆ. ಇದನ್ನು ಯಾರೂ ಅವರಿಗೆ ಕಲಿಸಿದ್ದಲ್ಲ. ಸರ್ವೀಸಿನ ಮೊದಲ ವರ್ಷಗಳಿಂದ ಕಾಗೆಗಳ ಜೊತೆ ಜಗಳವಾಡುತ್ತಾ ಕಲಿತದ್ದು.

ಊರಿನ ಬಹುಪಾಲು ಮಂದಿಗೆ ವಸಂತ ಬಂದದ್ದು ಗೊತ್ತಾಗುವುದು ಕ್ಯಾಲೆಂಡರು ತಿರುವಿದಾಗ. ಗುಂಡಯ್ಯ ಅದನ್ನು ಕಂಬದ ಮೇಲಿಂದ ಕಾಣುತ್ತಾರೆ. ಮೊಸಳೆ ಎಂಬ ಊರಿನ ಕಡೆ ಮಾವಿನ ಮರಗಳ ತಲೆ ಕಂದುಬಣ್ಣಕ್ಕೆ ತಿರುಗಿ ಹೂವಾಗಿರುತ್ತದೆ. ಕೆರೆ ಏರಿಯ ಅರಳಿ ಮರ ತಾಮ್ರದ ತಗಡಿನಂತೆ ಹೊಳೆಯುತ್ತದೆ. ಬೇವಿನ ಹೂವು ಹಂಚಿನ ಸಂದಿಗೆಲ್ಲ ಉದುರುತ್ತದೆ. ಬೆಳಗಿನ ಮಂಜು ಕರಗಿ ಹೆದ್ದಾರಿ ಬಸ್ಸುಗಳು ದೂರದಿಂದಲೇ ಕಾಣುತ್ತವೆ. ಜನ ಕಂಬಳಿ ಮಡಿಸಿಟ್ಟು ಫ್ಯಾನಿನ ಧೂಳು ಒರೆಸುತ್ತಾರೆ, ಬಸ್‌ಸ್ಟಾಪಿನ ಅಂಗಡಿಯವರು ಐಸ್‌ಕ್ರೀಮ್ ಪೆಟ್ಟಿಗೆಗೆ ಸ್ವಿಚ್ಚು ಹಾಕುತ್ತಾರೆ. ಆ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುವ ಸ್ವರವೇ ಬೇರೆಯಾಗುತ್ತದೆ. "ಬಸ್ರಿ ಎಂಗಸು ಮೆಟ್ಲು ಅತ್ತಂಗೆ ಉಸ್ರು ಬುಡ್ತದೆ ಸಾ. ಕೇಳ್ದೇಟ್ಗೆ ಗೊತ್ತಾಯ್ತದೆ, ಬಿಸ್ಲು ಬಂತು ಅಂತ."

ಇವೆಲ್ಲ ಎಲ್ಲರಿಗೂ ಸಿಗುವ ಗುರುತುಗಳು. ಗುಂಡಯ್ಯನವರ ಮನೆಗೆ ಮಾತ್ರ ಇನ್ನೊಂದು ಗುರುತಿದೆ. ವಸಂತ ಬಂತೆಂದರೆ ಕಾಗೆ ಅವರ ತಲೆಗೆ ಬಡಿಯುತ್ತದೆ, ಅವರು ಸತ್ತರೆಂದು ಸುದ್ದಿ ಹೋಗುತ್ತದೆ.

ಕಾಗೆ ತಲೆಗೆ ಬಡಿದರೆ ಸಾವು ಹತ್ತಿರ ಬಂತೆಂಬುದು ಈ ಸೀಮೆಯ ನಂಬಿಕೆ. ಆ ದೋಷ ಕಳೆದುಕೊಳ್ಳುವ ದಾರಿಯನ್ನೂ ಹಿರಿಯರೇ ತೋರಿಸಿದ್ದಾರೆ. ಬಡಿಸಿಕೊಂಡವನು ತೀರಿಹೋದನೆಂದು ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅತ್ತರೆ ಬರಬೇಕಿದ್ದ ಸಾವು ಬಂದು ಹೋದ ಲೆಕ್ಕ. ಆಮೇಲೆ ನಿಜ ಹೇಳಬಹುದು. ಹೆಲ್ಮೆಟ್ಟಿಗೆ ಬಡಿದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ಒಮ್ಮೆ ಎದ್ದಿತ್ತು. ದೇವಸ್ಥಾನದ ಅಯ್ನೋರು ಯೋಚಿಸಿ, ಕೂದಲಿಗೆ ತಾಗಿದರೆ ಮಾತ್ರ ದೋಷ ಎಂದರು. ಆದರೂ ವರ್ಷಕ್ಕೊಮ್ಮೆ, ಬೆವರು ಒರೆಸಲು ಹೆಲ್ಮೆಟ್ ತೆಗೆದ ಗಳಿಗೆಯಲ್ಲಿ, ಯಾವುದಾದರೊಂದು ಕಾಗೆ ಗುರಿ ಮುಟ್ಟಿಯೇ ತೀರುತ್ತದೆ.

ಆಗ ಹೆಂಡತಿ ಕಾಮಾಕ್ಷಮ್ಮ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿರುವ ಗುಂಡಯ್ಯನವರ ಅಕ್ಕ ನಂಜಮ್ಮನಿಗೆ ಫೋನು ಮಾಡುತ್ತಾರೆ. "ಅತ್ತಿಗೆ, ನಿಮ್ ತಮ್ಮ ಓಗ್ಬುಟ್ರು." ಆ ಕಡೆಯಿಂದ ನಂಜಮ್ಮ ಹಾಡಿಕೊಂಡು ಅಳುತ್ತಾರೆ. ಈ ಕಡೆ ಗುಂಡಯ್ಯ ಕಾಫಿ ಲೋಟ ಹಿಡಿದು ಸ್ಪೀಕರಿನಲ್ಲಿ ಕೇಳುತ್ತಾ ಕೂರುತ್ತಾರೆ.

"ಬದ್ಕಿರೋವಾಗ ಒಂದ್ ದಿನ ಒಗಳಿದೋಳಲ್ಲ ಸಾ. ಸತ್ತಾಗ ನೋಡ್ಬೇಕು, ಬಂಗಾರದಂತ ತಮ್ಮ, ದೀಪದಂತ ತಮ್ಮ! ಕೇಳ್ತಾ ಕೇಳ್ತಾ ನಂಗೇ ಅಳು ಬತ್ತದೆ."

ಸುಳ್ಳೆಂದು ಗೊತ್ತಿದ್ದೂ ಹೇಗೆ ಅಳುತ್ತೀರೆಂದು ಯಾರೋ ಕೇಳಿದ್ದಕ್ಕೆ ನಂಜಮ್ಮ ಹೇಳಿದ್ದರಂತೆ: "ಮನ್ಸಿಗೆ ಗೊತ್ತು. ಕಣ್ಣಿಗೆ ಗೊತ್ತಿಲ್ವಲ್ಲಪ್ಪ."

ಆ ಕಣ್ಣೀರಿಗೆ ಕಾರಣವೂ ಇದೆ. ಇಬ್ಬರೂ ಮೊಸಳೆಯಲ್ಲಿ ಹುಟ್ಟಿದವರು. ಗುಂಡಯ್ಯ ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡರು. ಲಂಗ ತೊಡುವ ವಯಸ್ಸಿನ ನಂಜಮ್ಮನೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿ, ನೀರಿಗೆ ಹೋಗುವಾಗ ಊರಿನ ಜೋಡಿ ಗುಡಿಗಳ ಮೆಟ್ಟಿಲ ಮೇಲೆ ಕೂರಿಸಿ, "ಸ್ವಾಮಿ, ನೋಡ್ಕಳಪ್ಪ" ಎಂದು ದೇವರಿಗೆ ಒಪ್ಪಿಸಿ ಹೋಗುತ್ತಿದ್ದರು. ಹಾಗೆ ದೇವರಿಗೆ ಒಪ್ಪಿಸಿದ ಕೂಸನ್ನು ಮತ್ತೆ ಮತ್ತೆ ಎತ್ತಿಕೊಂಡ ಕೈ ಅದು. ಗುಂಡಯ್ಯ ಮದುವೆಯಾಗುವವರೆಗೂ ಅವರ ತಟ್ಟೆಗೆ ಮುದ್ದೆ ಇಟ್ಟದ್ದೂ ಅದೇ ಕೈ.

ಈ ವರ್ಷ ತೊಡಕಾಗಿದೆ. ಪುಷ್ಯದಲ್ಲಿ ನಂಜಮ್ಮನಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿದ್ದಾರೆ. ಮನಸ್ಸಿಗೆ ಆಘಾತವಾಗುವ ಸುದ್ದಿ ಯಾವುದೂ ಕೂಡದೆಂದು ವೈದ್ಯರು ಹೇಳಿದ್ದಾರೆ. ನಂಜಮ್ಮನ ಸೊಸೆ ಮೇಘಶ್ರೀ ಮೊದಲೇ ಫೋನು ಮಾಡಿ, "ಅತ್ತೆ, ಈ ಸಲ ಮಾವ ಸಾಯೋದು ಬೇಡ. ದಮ್ಮಯ್ಯ ಅಂತೀನಿ," ಎಂದು ಕಾಮಾಕ್ಷಮ್ಮನಿಂದ ಮಾತು ತೆಗೆದುಕೊಂಡಿದ್ದಾಳೆ. ಮಾತು ಕೊಟ್ಟ ಮೂರನೆಯ ದಿನವೇ ಕಾಗೆ ಬಡಿಯಿತು.

"ಬ್ಯಾರೆ ಗಂಡಸ್ರಿಗೆ ಬಡಿದ್ರೆ ಒಂದು. ಇವ್ರು ಕರೆಂಟ್ ಮುಟ್ಟೋರು," ಎನ್ನುವಾಗ ಕಾಮಾಕ್ಷಮ್ಮನ ಕೈ ತಾಳಿಯ ಕಡೆಗೆ ಹೋಗುತ್ತದೆ. "ಯೋಳಿದ್ರೆ ಅತ್ತಿಗೆ ಜೀವಕ್ಕೆ ಕುತ್ತು. ಯೋಳ್ದೆ ಓದ್ರೆ ಇವ್ರ ಜೀವಕ್ಕೆ. ಸನಿದೇವ್ರಿಗೆ ಎಳ್ಳು ದೀಪ ಹಚ್ಚಿದ್ದಾಯ್ತು. ಆದ್ರೂ ಇವ್ರು ಏಣಿ ಅತ್ತವ್ರೆ ಅಂದ್ರೆ ನನ್ ಕಾಲು ನಿಲ್ಲಲ್ಲ."

"ಕೂಲಿ ಕೊಟ್ಟು ಯಾರನ್ನಾರ ಅಳ್ಸು," ಎನ್ನುತ್ತಾರೆ ಗುಂಡಯ್ಯ.

"ನಿಮ್ ಮಕಕ್ಕೆ ಯಾರ್ ಅಳ್ತಾರೆ, ಸುಮ್ಕಿರಿ."

ಬಿಸಿಲು ಹೊಂಗೆಯ ತುದಿಗೆ ಬಂದಿದೆ. ಗೂಡು ಮರಕ್ಕೆ ದಾಟುವ ದಿನ ಇವತ್ತು. ಮೊಟ್ಟೆಗಳಿಗೆ ಚಳಿ ತಾಗಬಾರದೆಂದು ಗುಂಡಯ್ಯ ಇಷ್ಟು ಹೊತ್ತು ಕಾದಿದ್ದಾರೆ. ಮತ್ತೆ ಫೋನು, ಮತ್ತೆ ಲೈನು ಬಂದ್, ಮತ್ತೆ ಕೋಲಿನ ಪರೀಕ್ಷೆ. ಮಿಲ್ಲಿನ ಮುಂದೆ ರಾಗಿ ಚೀಲ ಇಟ್ಟುಕೊಂಡು ಕೂತವರಲ್ಲಿ ಒಬ್ಬಾಕೆ ಕೂಗುತ್ತಾಳೆ: "ಗುಂಡಯ್ಯಣ್ಣ, ಕಾಗೆ ಗೃಹಪ್ರವೇಶ ಮುಗ್ಯೋಗಂಟ ನಮ್ಗೆ ಮುದ್ದೆ ಇಲ್ವಾ?"

"ಊಟಕ್ಕೆ ನಿಮ್ನೂ ಕರೀತದೆ, ಕುಂತ್ಕಳಿ," ಎಂದು ಮೇಲಿನಿಂದ ಉತ್ತರ ಬರುತ್ತದೆ.

ಪದ್ಮಕುಮಾರ್ ಅವರಿಗೆ ಮಿಲ್ಲು ನಿಂತ ಚಿಂತೆಯಿಲ್ಲ. "ಒಂದು ಮೊಟ್ಟೆ ಒಡೆದು ಮಿಲ್ಲು ಓಡಬೇಕಾಗಿಲ್ಲ. ನಮ್ಮ ತಾತನ ಕಾಲದಿಂದ ಈ ಜಗುಲಿ ಮೇಲೆ ಹಕ್ಕಿಗೆ ಕಾಳು ಹಾಕ್ತಾ ಬಂದಿದ್ದೀವಿ," ಎಂದು ಏಣಿಯನ್ನು ಅವರೇ ಹಿಡಿದು ನಿಂತಿದ್ದಾರೆ.

ಆಗಲೇ ಹಾಸನದ ಬಸ್ಸು ಬಂದು ನಿಲ್ಲುತ್ತದೆ. ಇಳಿದವರು ನಂಜಮ್ಮ. ಕಣ್ಣು ಊದಿಕೊಂಡಿದೆ, ಸೆರಗು ನೆನೆದಿದೆ, ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ. ಮಿಲ್ಲಿನ ಕಡೆಗೆ ಬಂದು, ಯಾರ ಮುಖವನ್ನೂ ನೋಡದೆ ಕೇಳುತ್ತಾರೆ: "ಗುಂಡಯ್ಯನ ತಿಥಿ ಯಾವತ್ತಪ್ಪ? ನಂಗೊಬ್ಳಿಗೆ ಮುಚ್ಚಿಟ್ರಲ್ಲ."

ಪದ್ಮಕುಮಾರ್‌ಗೆ ಏಣಿ ಬಿಡುವಂತಿಲ್ಲ, ಗಲ್ಲ ಎತ್ತಿ ಮೇಲೆ ತೋರಿಸುತ್ತಾರೆ.

ನಂಜಮ್ಮ ತಲೆ ಎತ್ತುತ್ತಾರೆ. ಏಣಿಯ ತುದಿಯಲ್ಲಿ ತಮ್ಮನಿದ್ದಾನೆ. ಒಂದು ಕೈ ಹೊಂಗೆಯ ಕೊಂಬೆಯನ್ನು ಹಿಡಿದಿದೆ, ಇನ್ನೊಂದು ಕೈಯಲ್ಲಿ ಮಂಕರಿ, ತಲೆಯ ಸುತ್ತ ಕಾಗೆಗಳು. ಕೆಳಗಿದ್ದ ಒಬ್ಬರು "ಗುಂಡಯ್ಯಣ್ಣ, ನಿಮ್ಮಕ್ಕ" ಎಂದು ಕೂಗಲು ಬಾಯಿ ತೆರೆದಾಗ ನಂಜಮ್ಮ ಕೈಯೆತ್ತಿ ತಡೆಯುತ್ತಾರೆ.

"ಕೂಗ್ಬ್ಯಾಡಿ," ಎಂದು ಪಿಸುಗುಡುತ್ತಾರೆ. "ಕೈಲಿ ಗೂಡೈತೆ."

ಜಗುಲಿಯ ಮೇಲಿದ್ದವರೆಲ್ಲ ಸುಮ್ಮನಾಗುತ್ತಾರೆ. ಕಾಗೆಗೆ ಪಿತೃಗಳ ಹೆಸರಿನಲ್ಲಿ ಅನ್ನ ಇಡುವ ಜನ ನಾವು. ಅದೇ ಹಕ್ಕಿ ಮರಿ ಮಾಡುವ ಕಾಲದಲ್ಲಿ ಹೀಗೆ ಒಂದೂರು ಉಸಿರು ಬಿಗಿಹಿಡಿದು ನಿಲ್ಲುವುದು ದೊಡ್ಡ ಪೂಜೆಯೇ ಅನ್ನಿಸುತ್ತದೆ. ಮಂಕರಿ ಕವಲಿನಲ್ಲಿ ಕೂರುತ್ತದೆ. ಗುಂಡಯ್ಯ ಹಗ್ಗ ಬಿಗಿದು, ಅಲುಗಿಸಿ ನೋಡಿ, ಇಳಿಯುತ್ತಾರೆ. ಕೊನೆಯ ಮೆಟ್ಟಿಲಲ್ಲಿ ಅಕ್ಕನನ್ನು ಕಂಡು, "ಇದೇನಕ್ಕ, ಯೋಳ್ದೆ ಕೇಳ್ದೆ?" ಎನ್ನುವಷ್ಟರಲ್ಲಿ ಬೆನ್ನಿಗೊಂದು ಏಟು ಬೀಳುತ್ತದೆ.

"ಮಾವು ಊವಾಯ್ತು, ಕೋಗಿಲೆ ಗಂಟಲು ಅರ್ಕಂಡು ಕೂಗ್ತು, ಒಂಗೆ ಚಿಗುರ್ತು, ನಿನ್ ಸಾವಿನ ಸುದ್ದಿ ಬರ್ನಿಲ್ಲ! ಮನೇಲಿ ನೋಡಿದ್ರೆ ಎಲ್ರೂ ಗುಸುಗುಸು. ಸುಳ್ಳು ಬರ್ನಿಲ್ಲ ಅಂದ್ರೆ ನಿಜ ಆಗೈತೆ, ಮುಚ್ಚಿಡ್ತಾವ್ರೆ ಅಂದ್ಕಂಡೆ ಕಣ್ಲಾ. ಅರ್ಕಲ್ಗೂಡಿಂದ ಇಲ್ಗಂಟ ಅತ್ತಿವ್ನಿ. ಕಂಡಕ್ಟ್ರು ಪಾಪ ನೀರ್ ಕೊಟ್ಟ."

"ಆ ಆರ ಯಾರಿಗೆ?"

"ನಿನ್ ಫೋಟೋಗೆ."

ಯಾರೋ ಕಿಸಕ್ಕೆನ್ನುತ್ತಾರೆ. ಆಮೇಲೆ ಇಡೀ ಜಗುಲಿಯೇ ನಗುತ್ತದೆ, ನಂಜಮ್ಮನೂ ನಗುತ್ತಾರೆ, ನಗುತ್ತಲೇ ಮತ್ತೆ ಅಳುತ್ತಾರೆ. ಅಷ್ಟರಲ್ಲಿ ಕಾಮಾಕ್ಷಮ್ಮ ಫೋನು ಹಿಡಿದು ಓಡಿ ಬರುತ್ತಾರೆ. ಆ ತುದಿಯಲ್ಲಿ ಮೇಘಶ್ರೀ, "ಅತ್ತೆ ಮನೇಲಿಲ್ಲ, ಎಲ್ಲೂ ಕಾಣ್ತಿಲ್ಲ" ಎಂದು ಗಾಬರಿಯಲ್ಲಿದ್ದಾಳೆ. "ಇಲ್ಲೇ ಅವ್ರೆ ಕಣವ್ವ, ಚೆನ್ನಾಗವ್ರೆ," ಎನ್ನುತ್ತಾ ಕಾಮಾಕ್ಷಮ್ಮ ಅತ್ತಿಗೆಯನ್ನು ಜಗುಲಿಗೆ ಒರಗಿಸಿ, ಎದೆ ಸವರಿ, ಅವರ ಚೀಲದಿಂದಲೇ ಮಾತ್ರೆ ಹುಡುಕಿ ನೀರು ಕುಡಿಸುತ್ತಾರೆ. ಆ ಮೇಲೆ ಮೆಲ್ಲಗೆ ಕೇಳುತ್ತಾರೆ: "ಅತ್ತಿಗೆ, ನಿಜ್ವಾಗ್ಲೂ ಅತ್ತ್ರಾ?"

"ಸೆರಗು ಇಂಡಿ ನೋಡು."

ಕಾಮಾಕ್ಷಮ್ಮ ಸೆರಗು ಮುಟ್ಟಿ ನೋಡಿ, ಅದನ್ನೇ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕೊಟ್ಟ ಮಾತು ಉಳಿದಿದೆ, ಕಣ್ಣೀರೂ ಬಿದ್ದಿದೆ. ಬಹಳ ದಿನದ ಮೇಲೆ ಅವರ ಮುಖ ತಿಳಿಯಾಗಿದೆ.

ಹಾರದ ಪ್ರಶ್ನೆ ಮಾತ್ರ ಉಳಿಯುತ್ತದೆ. ಸತ್ತವರಿಗೆಂದು ತಂದದ್ದನ್ನು ದೇವರಿಗೆ ಏರಿಸುವ ಹಾಗಿಲ್ಲ, ಬದುಕಿದ್ದವರ ಕೊರಳಿಗೆ ಹಾಕುವ ಹಾಗೂ ಇಲ್ಲ. ಕೊನೆಗೆ ಗುಂಡಯ್ಯನೇ ಅದನ್ನು ಹೊಂಗೆಯ ಬೊಡ್ಡೆಗೆ ಸುತ್ತುತ್ತಾರೆ. ಮೇಲೆ ತಾಯಿ ಕಾಗೆ ಕೊಂಬೆಯಿಂದ ಕೊಂಬೆಗೆ ಹಾರಿ, ಮಂಕರಿಯ ಅಂಚಿಗೆ ಇಳಿದು, ಒಳಗೆ ಬಗ್ಗಿ ನೋಡಿ ಕೂರುತ್ತದೆ.

"ಬ್ಯಾರೆ ಬಣ್ಣದ ಮೊಟ್ಟೆ ಒಂದೈತೆ ಅದ್ರಾಗೆ," ಎನ್ನುತ್ತಾರೆ ಗುಂಡಯ್ಯ. "ಕೋಗಿಲೇದು. ಕಾಗೆ ಯಾರ ಮರಿ ಅಂತ ಕೇಳಲ್ಲ, ಸಾಕ್ತದೆ. ನಮ್ಮಕ್ಕ ನನ್ನ ಸಾಕ್ದಂಗೆ."

"ಅಂದ್ರೆ ನಾನು ಕಾಗೆ, ನೀನು ಕೋಗಿಲೆ? ಬಣ್ಣ ನೋಡ್ಕಳ್ಳಾ," ಎನ್ನುತ್ತಾರೆ ನಂಜಮ್ಮ. ಕಾಮಾಕ್ಷಮ್ಮನ ಕಡೆ ತಿರುಗಿ, ದನಿ ಬಿಗಿಮಾಡಿ ಮುಂದುವರಿಸುತ್ತಾರೆ: "ಬರೋ ವರ್ಸ ಟೈಮಿಗೆ ಸರ್ಯಾಗಿ ಸುದ್ದಿ ಕಳಿಸ್ಬೇಕು. ಸುದ್ದಿ ಕೇಳಿ ಒಡಿಯೋ ಎದೆಯಲ್ಲ ಇದು, ಕಾದು ಕಾದು ಒಡಿಯೋದು. ಡಾಕ್ಟ್ರಿಗೆ ನಾನು ಯೋಳ್ಕಂತೀನಿ."

ಗುಂಡಯ್ಯ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನು ಬಿಡಲು ಹೇಳುತ್ತಾರೆ. ಮಿಲ್ಲು ಗುಡುಗುಟ್ಟಿ ತಿರುಗತೊಡಗುತ್ತದೆ, ರಾಗಿ ಹಿಟ್ಟಿನ ಘಮಲು ಬೀದಿಗೆ ಬರುತ್ತದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ. ಏನು ಆಸೆ ಎಂದು ಕೇಳಿದರೆ, ಹೆಲ್ಮೆಟ್ಟಿನ ಮೇಲೆ ಬಿದ್ದ ಕೊಕ್ಕಿನ ಗೀರುಗಳನ್ನು ಹೆಬ್ಬೆರಳಿನಿಂದ ಸವರುತ್ತಾ, ಅಕ್ಕನಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ:

"ಇನ್ನೆಷ್ಟ್ ಸಲ ಬೇಕಾದ್ರೂ ಸಾಯ್ತೀನಿ ಸಾ, ಬ್ಯಾಸ್ರ ಇಲ್ಲ. ಅಳಾಕೆ ನಮ್ಮಕ್ಕ ಇರ್ಲಿ, ಅಷ್ಟೆಯಾ."